ನಾರಾ ನಗರದಲ್ಲಿ ನೆನಪಾದ ಕೊರವಂಗಲ



ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಎರಡು ಬಗೆಯ ಮಾತು ಆಡುತ್ತಾರೆ. ಅಲ್ಲಿ ಎಲ್ಲವೂ ಚೆನ್ನ, ಇಲ್ಲಿ ಏನೂ ಸರಿಯಿಲ್ಲ ಎನ್ನುವುದು ಒಂದು. ಎಲ್ಲಿ ಹೋದರೂ ನಮ್ಮೂರಿಗೆ ಸಮನಾದದ್ದಿಲ್ಲ ಎನ್ನುವುದು ಇನ್ನೊಂದು. ಈ ಎರಡು ಮಾತನ್ನೂ ಬದಿಗಿಟ್ಟು, ಜಪಾನಿನ ನಾರಾ ಎಂಬ ಪುರಾತನ ನಗರದಲ್ಲಿ ನಮ್ಮ ಕುಟುಂಬ ಕಳೆದ ಎರಡು ದಿನಗಳ ಅನುಭವವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಆ ಪ್ರವಾಸ ನಿಜವಾಗಿ ಮುಗಿದದ್ದು ಮಾತ್ರ ಹಾಸನದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕೊರವಂಗಲದಲ್ಲಿ. ಅದು ಹೇಗೆ ಎಂಬುದನ್ನು ಮಾತಿನ ಕೊನೆಗೆ ಹೇಳುತ್ತೇನೆ.

ನಾನು ಕೊರವಂಗಲದವನು. ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಕೆಲಸದ ಸಲುವಾಗಿ ಊರೂರು ತಿರುಗಿ, ಕಡೆಗೆ ಬೆಂಗಳೂರಿನಲ್ಲಿ ನೆಲೆ ನಿಂತೆ. ಮಗ ಕಂಪ್ಯೂಟರ್ ಕೆಲಸದ ಮೇಲೆ ಜಪಾನಿನ ಒಸಾಕಾ ನಗರಕ್ಕೆ ಹೋಗಿ ಅಲ್ಲೇ ಸಂಸಾರ ಹೂಡಿದ. 2019ರ ನವೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಅವನನ್ನು ನೋಡಲು ಹೊರಟೆವು. ಮೊಮ್ಮಗಳನ್ನು ಕಣ್ತುಂಬ ನೋಡುವ ಆಸೆ ಒಂದು ಕಡೆ. ಇನ್ನೊಂದು ಕಡೆ, ನನ್ನ ಕೈಚೀಲದಲ್ಲಿ ಒಂದು ಕಾಗದವೂ ಇತ್ತು. ಊರಿನ ನಮ್ಮ ಹಳೆಯ ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಬಾಗಿಲು ಹಾಕಿದ ಮನೆ, ಹೆಂಚು ಒಡೆದು ಸೋರುತ್ತಿದ್ದ ಮನೆ. ಮಾರಿಬಿಡೋಣ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿ ಆಗಿತ್ತು. ಮಗನ ಒಪ್ಪಿಗೆಯೊಂದು ಬೇಕಿತ್ತು, ಅಷ್ಟೆ.

ಮೈಸೂರು ಸೀಮೆಯವರಿಗೆ ಜಪಾನ್ ಹೊಸ ಹೆಸರೇನಲ್ಲ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಅಲ್ಲಿಗೆ ಹೋಗಿ ಬಂದವರು. ಜಪಾನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾರ್ಖಾನೆ, ರೈಲು, ಯಂತ್ರ. ಆದರೆ ಮಗ, "ಅಪ್ಪ, ಒಸಾಕಾ ಆಮೇಲೆ ನೋಡೋಣ. ಮೊದಲು ನಾರಾ ನೋಡಿ. ಶನಿವಾರ ಹೋಗಿ ಭಾನುವಾರ ಬಂದುಬಿಡೋಣ" ಎಂದ. ಒಸಾಕಾದಿಂದ ನಾರಾಕ್ಕೆ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಹಾಸನದಿಂದ ಬೇಲೂರಿಗೆ ಹೋಗುವುದಕ್ಕಿಂತ ತುಸು ಕಡಿಮೆ ದೂರ. ನಮ್ಮ ಮನೆಯವರು ಬೆಳಗ್ಗೆ ನಾಲ್ಕಕ್ಕೇ ಎದ್ದು ಪುಳಿಯೋಗರೆ ಕಲಸಿ, ಚಪಾತಿ ಸುತ್ತಿ ಕಟ್ಟಿದರು. ಆ ಬುತ್ತಿಯ ಬೆಲೆ ಮಧ್ಯಾಹ್ನದ ಹೊತ್ತಿಗೆ ನಮಗೆ ಗೊತ್ತಾಯಿತು. ಅಲ್ಲಿ ಸಾರಿನಂತೆ ಕಾಣುವ ಪದಾರ್ಥಕ್ಕೂ, ತರಕಾರಿ ಬೇಯಿಸಿದ ನೀರಿಗೂ ಒಣ ಮೀನಿನ ರಸ ಬೆರೆಸುವುದು ವಾಡಿಕೆ. ಸಸ್ಯಾಹಾರ ಎಂದು ಹೇಳಿದರೆ ಅವರು ಬಹಳ ವಿನಯದಿಂದ ತಲೆಬಾಗಿ, ಮಾಂಸವಿಲ್ಲದ, ಮೀನು ಮಾತ್ರ ಇರುವ ಊಟ ತಂದಿಡುತ್ತಾರೆ!

ನಾರಾ 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿತ್ತು. ಆಗ ನಮ್ಮ ಕಡೆ ಯಾರಿದ್ದರು ಎಂದು ಲೆಕ್ಕ ಹಾಕಿದರೆ, ಬಾದಾಮಿ ಚಾಲುಕ್ಯರು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ಕಾಲ. ಅದು ಕಲ್ಲಿನಲ್ಲಿ ಎದ್ದ ಕಾಲಕ್ಕೇ ನಾರಾದಲ್ಲಿ ಮರದ ಮಹಾಮಂದಿರಗಳು ಎದ್ದವು. ಈ ಕಲ್ಲು ಮತ್ತು ಮರದ ವಿಚಾರವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ನಿಲ್ದಾಣದಿಂದ ಹೊರಗೆ ಬಂದು ಸ್ವಲ್ಪ ದೂರ ನಡೆದರೆ ಎದುರಿಗೆ ಜಿಂಕೆಗಳು. ಬೇಲಿಯಿಲ್ಲ, ಹಗ್ಗವಿಲ್ಲ. ನಮ್ಮೂರ ಬೀದಿಯಲ್ಲಿ ದನ ಅಡ್ಡಾಡಿದಂತೆ ಸಾವಿರಕ್ಕೂ ಹೆಚ್ಚು ಜಿಂಕೆಗಳು ಅಡ್ಡಾಡುತ್ತವೆ. ಅಲ್ಲಿನ ಕಸುಗ ದೇವಾಲಯದ ದೇವರು ಬಿಳಿಯ ಜಿಂಕೆಯ ಮೇಲೆ ಬಂದನೆಂಬ ಐತಿಹ್ಯವಿರುವುದರಿಂದ ಅವು ದೇವರ ದೂತರು. ಅಕ್ಕಿ ತೌಡು ಬೆರೆಸಿದ ಹಪ್ಪಳದಂಥ ಬಿಲ್ಲೆಗಳನ್ನು ಮಾರುತ್ತಾರೆ. ಅದನ್ನು ತೋರಿಸಿದರೆ ಜಿಂಕೆ ತಲೆಬಾಗಿ ನಮಸ್ಕರಿಸುತ್ತದೆ. ಕೊಡುವುದು ತಡವಾದರೆ ಅದೇ ಜಿಂಕೆ ಸೀರೆಯ ಸೆರಗು ಎಳೆಯುತ್ತದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇವು ಎಪ್ಪತ್ತೊಂಬತ್ತಕ್ಕೆ ಇಳಿದಿದ್ದವಂತೆ. ಊರಿನವರು ಕಾಪಾಡಿ ಬೆಳೆಸಿದರು. 1957ರಲ್ಲಿ ಸರ್ಕಾರ ಅವನ್ನು ನೈಸರ್ಗಿಕ ಸ್ಮಾರಕವೆಂದು ಸಾರಿತು. ಬಿಲ್ಲೆ ಮಾರಿ ಬಂದ ಹಣದ ಒಂದು ಪಾಲು ಜಿಂಕೆಗಳ ರಕ್ಷಣೆಗೇ ಹೋಗುತ್ತದೆ ಎಂದು ಸೊಸೆ ಹೇಳಿದಳು.

ಜಿಂಕೆಗಳನ್ನು ದಾಟಿದರೆ ತೋದಾಯ್‌ಜಿ ಎಂಬ ಬೌದ್ಧ ಮಂದಿರದ ದಕ್ಷಿಣದ ಹೆಬ್ಬಾಗಿಲು. ಎರಡೂ ಬದಿಯಲ್ಲಿ ಎಂಟು ಮೀಟರಿಗೂ ಮೀರಿದ ಎರಡು ಮರದ ದ್ವಾರಪಾಲಕರು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ಒಂದು 'ಅ'ಕಾರ, ಇನ್ನೊಂದು 'ಹೂಂ'ಕಾರ ಎಂದು ಅರ್ಥ ಹೇಳುತ್ತಾರೆ. ಎರಡೂ ಸಂಸ್ಕೃತದಿಂದ ಹೋದ ಬೀಜಾಕ್ಷರಗಳೇ. ಉಬ್ಬಿದ ನರ, ಬಿಗಿದ ಸ್ನಾಯು, ಕೆಂಡದಂಥ ಕಣ್ಣು. ನಮ್ಮ ಮನೆಯವರು ಅಪ್ರಯತ್ನವಾಗಿ ಕೈ ಮುಗಿದುಬಿಟ್ಟರು. ಈ ಬಾಗಿಲು ಕಟ್ಟಿದ್ದು 1199ರಲ್ಲಿ. ದ್ವಾರಪಾಲಕರನ್ನು 1203ರಲ್ಲಿ ಉನ್ಕೇಯ್, ಕಾಯ್ಕೇಯ್ ಮೊದಲಾದ ಶಿಲ್ಪಿಗಳು ಕೇವಲ ಅರವತ್ತೊಂಬತ್ತು ದಿನಗಳಲ್ಲಿ ಮಾಡಿ ಮುಗಿಸಿದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದುರಸ್ತಿಗೆಂದು ವಿಗ್ರಹಗಳನ್ನು ಬಿಚ್ಚಿದಾಗ, ಕೆಲಸ ಮಾಡಿದವರ ಹೆಸರುಗಳು ಒಳಗೆ ಸಿಕ್ಕಿದವು.

ಅಲ್ಲಿ ನಿಂತಾಗ ನನಗೆ ಏನೋ ಮನಸ್ಸಿನ ಮೂಲೆಯಲ್ಲಿ ತಟ್ಟಿದಂತಾಯಿತು. 1199, 1203 ಎಂದರೆ ನಮ್ಮಲ್ಲಿ ಹೊಯ್ಸಳರ ಕಾಲ, ಇಮ್ಮಡಿ ವೀರಬಲ್ಲಾಳನ ಆಳ್ವಿಕೆ. ಹೆಸರು ಕೆತ್ತಿಟ್ಟು ಹೋದ ಶಿಲ್ಪಿಗಳು ನಮ್ಮಲ್ಲೂ ಉಂಟಲ್ಲವೆ? ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಬಲ್ಲಾಳ ಎಂದೊಡನೆ ಇನ್ನೇನೋ ಒಂದು ನೆನಪಾಗಬೇಕಿತ್ತು. ಅದು ಆಗ ಹೊಳೆಯಲಿಲ್ಲ. ಮೊಮ್ಮಗಳು ಕೈ ಹಿಡಿದೆಳೆದಳು, ಮುಂದೆ ನಡೆದೆ.

ಒಳಗಿರುವುದು ಮಹಾಬುದ್ಧ. ಕುಳಿತ ಭಂಗಿಯ ಕಂಚಿನ ಮೂರ್ತಿ. ಎತ್ತರ ಸುಮಾರು ಹದಿನೈದು ಮೀಟರ್. ಇದರ ಹಿಂದೆ ದೊಡ್ಡ ದುಃಖವೊಂದಿದೆ. 735ರಿಂದ 737ರವರೆಗೆ ಜಪಾನಿನಲ್ಲಿ ಸಿಡುಬು ಹರಡಿ ಅಪಾರ ಜನ ಸತ್ತರು. ನಾಡು ಬರ, ಬಂಡಾಯಗಳಿಂದ ತತ್ತರಿಸಿತ್ತು. ಶೋಮು ಚಕ್ರವರ್ತಿ 743ರಲ್ಲಿ ಈ ಮೂರ್ತಿಯನ್ನು ಮಾಡಿಸುವ ಆಜ್ಞೆ ಹೊರಡಿಸಿದ. ಆ ಆಜ್ಞೆಯಲ್ಲಿ ಒಂದು ಸೊಗಸಾದ ಅಂಶವಿದೆ. ಒಂದು ಎಸಳು ಹುಲ್ಲನ್ನೋ ಒಂದು ಹಿಡಿ ಮಣ್ಣನ್ನೋ ತಂದುಕೊಟ್ಟು ಈ ಕೆಲಸಕ್ಕೆ ಸೇರಬೇಕೆನ್ನುವವರನ್ನೂ ಸೇರಿಸಿಕೊಳ್ಳಬೇಕು, ಇದರ ಹೆಸರಿನಲ್ಲಿ ಅಧಿಕಾರಿಗಳು ಬಡವರನ್ನು ಹಿಂಸಿಸಬಾರದು ಎಂಬುದೇ ಆ ಅಂಶ. ಗ್ಯೋಕಿ ಎಂಬ ಸನ್ಯಾಸಿ ಊರೂರು ಸುತ್ತಿ ಜನರನ್ನು ಕೂಡಿಸಿದ.

752ರಲ್ಲಿ ಮೂರ್ತಿಗೆ ಕಣ್ಣು ತೆರೆಸುವ ವಿಧಿ ನಡೆಯಿತು. ನಮ್ಮ ಪ್ರತಿಷ್ಠಾಪನೆಯಲ್ಲಿ ನೇತ್ರೋನ್ಮೀಲನ ಎನ್ನುತ್ತೇವಲ್ಲ, ಅದೇ. ಆ ಕಣ್ಣು ತೆರೆಸಿದವನು ಯಾರು ಬಲ್ಲಿರಾ? ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಚೀನದಲ್ಲಿದ್ದು 736ರಲ್ಲಿ ಜಪಾನಿಗೆ ಹೋದವನು. ದಕ್ಷಿಣ ಭಾರತದವನೆಂದು ಹೇಳುವವರೂ ಇದ್ದಾರೆ. ಅವನು ಹಿಡಿದ ಕುಂಚಕ್ಕೆ ಉದ್ದವಾದ ದಾರಗಳನ್ನು ಕಟ್ಟಿದ್ದರು. ಅಂಗಳದಲ್ಲಿ ನೆರೆದವರು ಆ ದಾರವನ್ನು ಹಿಡಿದು, ಕಣ್ಣು ಬರೆಯುವ ಪುಣ್ಯದಲ್ಲಿ ತಾವೂ ಪಾಲುಗೊಂಡರು. ಆ ಕುಂಚ ಇಂದಿಗೂ ಅಲ್ಲಿನ ಶೋಸೋಯಿನ್ ಎಂಬ ಮರದ ಭಂಡಾರದಲ್ಲಿ ಜೋಪಾನವಾಗಿದೆ.

ಈ ಬುದ್ಧನ ಹೆಸರು ವೈರೋಚನ. ವಿರೋಚನನೆಂದರೆ ಸೂರ್ಯ, ಎಲ್ಲೆಡೆ ಬೆಳಗುವವನು ಎಂದು ಅರ್ಥ. ಅವನ ಹಿಂದೆ ಪಶ್ಚಿಮ ದಿಕ್ಕನ್ನು ಕಾಯುವ ದಿಕ್ಪಾಲನೊಬ್ಬನ ಭಾರಿ ವಿಗ್ರಹವಿದೆ. ಕೈಯಲ್ಲಿ ಲೇಖನಿ ಹಿಡಿದು ಬರೆಯಲು ನಿಂತವನಂತೆ ಇದ್ದಾನೆ. ಅವನನ್ನು ಅವರು ಕೋಮೋಕುತೆನ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಅವನ ಹೆಸರೇನು ಎಂದು ಮಗ ತನ್ನ ಫೋನಿನಲ್ಲಿ ಹುಡುಕಿ ಓದಿದ: ವಿರೂಪಾಕ್ಷ! ಅವನು ನಮ್ಮ ಹಂಪೆಯ ವಿರೂಪಾಕ್ಷನಲ್ಲ, ಬೌದ್ಧರ ದಿಕ್ಪಾಲ. ಆದರೂ ಸಮುದ್ರದಾಚೆಗೆ ಹೋಗಿ ನಿಂತಾಗ ಪರಿಚಯದ ಹೆಸರೊಂದು ಕಿವಿಗೆ ಬಿದ್ದರೆ ಆಗುವ ಸಂತೋಷವೇ ಬೇರೆ. ನಮ್ಮ ಬ್ರಹ್ಮ ಅಲ್ಲಿ ಬೊನ್ತೆನ್, ಇಂದ್ರ ತಾಯ್ಶಾಕುತೆನ್, ಸರಸ್ವತಿ ಬೆನ್‌ಜಾಯ್‌ತೆನ್. ಹೆಸರು ಬದಲಾಗಿದೆ, ವೇಷ ಬದಲಾಗಿದೆ, ನೆಂಟಸ್ತಿಕೆ ಉಳಿದಿದೆ.

ಆ ಭವನದ ಒಂದು ಕಂಬದ ಬುಡದಲ್ಲಿ ತೂತೊಂದಿದೆ. ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲವಂತೆ. ಅದರಲ್ಲಿ ತೂರಿ ಹೊರಬಂದವರಿಗೆ ಮುಂದಿನ ಜನ್ಮದಲ್ಲಿ ಜ್ಞಾನೋದಯ ಖಂಡಿತ ಎಂಬ ನಂಬಿಕೆ. ಮೊಮ್ಮಗಳು ಮೀನಿನಂತೆ ನುಸುಳಿ ಆಚೆ ಬಂದಳು. ಅವಳಪ್ಪ ತಲೆ ಹಾಕಿ, ಹೆಗಲು ಹಾಕಿ, ಅಲ್ಲಿಗೇ ನಿಂತ. ಹಿಂದಿನಿಂದ ಯಾರೋ ಕಾಲು ಹಿಡಿದು ಎಳೆದರು. "ಜ್ಞಾನ ಬೇಡ, ನಡಿಯಪ್ಪ, ಪುಳಿಯೋಗರೆ ಇದೆ" ಎಂದರು ಅವನ ತಾಯಿ.

ಹೊರಗೆ ಬರುವ ಮುನ್ನ ಒಂದು ಮೇಜಿನ ಮೇಲೆ ಹೆಂಚುಗಳನ್ನು ಜೋಡಿಸಿದ್ದರು. ಬೂದು ಬಣ್ಣದ ಮಣ್ಣಿನ ಹೆಂಚು. ಸ್ವಲ್ಪ ಕಾಣಿಕೆ ಕೊಟ್ಟರೆ ಕುಂಚದಿಂದ ಅದರ ಮೇಲೆ ನಮ್ಮ ಹೆಸರನ್ನು ಬರೆಯಬಹುದು. ಚಾವಣಿಯ ದುರಸ್ತಿ ಬಂದಾಗ ಆ ಹೆಂಚು ಮೇಲೇರುತ್ತದೆ. ಒಂಬತ್ತು ವರ್ಷದ ನಮ್ಮ ಮೊಮ್ಮಗಳು ಶಾಲೆಯಲ್ಲಿ ಕಲಿಯುವುದು ಜಪಾನಿ ಲಿಪಿ. ಕನ್ನಡವನ್ನು ಅವಳಿಗೆ ಅಜ್ಜಿ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಅವಳು ತುಟಿ ಕಚ್ಚಿಕೊಂಡು, ಒತ್ತಕ್ಷರ ತಪ್ಪಿಲ್ಲದ ಹಾಗೆ, ತನ್ನ ಹೆಸರನ್ನು ಕನ್ನಡದಲ್ಲೇ ಬರೆದಳು. ಅಲ್ಲಿದ್ದ ಹಿರಿಯರೊಬ್ಬರು ಇದು ಯಾವ ದೇಶದ ಬರಹ ಎಂದು ವಿಚಾರಿಸಿ, ಎರಡೂ ಕೈಯಲ್ಲಿ ಹೆಂಚನ್ನು ಎತ್ತಿ ನೋಡಿ, ತಲೆಬಾಗಿ ಬದಿಗಿಟ್ಟರು. ಶೋಮು ಚಕ್ರವರ್ತಿ ಹೇಳಿದ ಒಂದು ಹಿಡಿ ಮಣ್ಣು ಇದೇ ಅಲ್ಲವೆ ಎನ್ನಿಸಿತು.

ಈ ಮಂದಿರ ಹುಟ್ಟಿದಾಗಿನಿಂದ ಹೀಗೆಯೇ ನಿಂತಿದೆ ಎಂದು ತಾವು ಭಾವಿಸಬಾರದು. 1180ರಲ್ಲಿ ಅಂತರ್ಯುದ್ಧದ ಬೆಂಕಿಗೆ ಇದು ಆಹುತಿಯಾಯಿತು. ಅರವತ್ತೊಂದು ವರ್ಷದ ಚೋಗೆನ್ ಎಂಬ ಸನ್ಯಾಸಿ ಜೋಳಿಗೆ ಹಿಡಿದು ಹೊರಟು ಮತ್ತೆ ಕಟ್ಟಿಸಿದ. ನಮ್ಮಲ್ಲಿ ಅದು ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರುವ ವಯಸ್ಸು. 1185ರಲ್ಲಿ ಬುದ್ಧನಿಗೆ ಮತ್ತೆ ಕಣ್ಣು ತೆರೆಸಿದಾಗ ಬೋಧಿಸೇನನ ಅದೇ ಹಳೆಯ ಕುಂಚವನ್ನು ಹೊರಗೆ ತೆಗೆದರು. 1567ರಲ್ಲಿ ಭವನ ಇನ್ನೊಮ್ಮೆ ಸುಟ್ಟಿತು. ಬಹಳ ಕಾಲ ಮೂರ್ತಿ ಮಳೆಗಾಳಿಯಲ್ಲಿ ಕುಳಿತಿತ್ತು. ಕೋಕೇಯ್ ಎಂಬ ಇನ್ನೊಬ್ಬ ಸನ್ಯಾಸಿ ಅದನ್ನು ನೋಡಲಾರದೆ ಹಣ ಕೂಡಿಸಲು ಹೊರಟ. ಈಗಿರುವ ಭವನ ಮುಗಿದದ್ದು 1709ರಲ್ಲಿ. ಮೊದಲಿನದಕ್ಕಿಂತ ಅಗಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಕಿರಿದು. ಮೂರ್ತಿಯ ತಲೆಯೂ ಹದಿನೇಳನೆಯ ಶತಮಾನದ ಎರಕ. ಗಣಿತದ ಮೇಷ್ಟರಾಗಿ ನಾನು ಲೆಕ್ಕ ಹಾಕಿದೆ: ಇದರಲ್ಲಿ ಎಷ್ಟು ಪಾಲು ಹಳೆಯದು? ಲೆಕ್ಕ ಹತ್ತಲಿಲ್ಲ.

ಸಂಜೆ ಗುಡ್ಡದ ಮೇಲಿನ ನಿಗತ್ಸುದೋ ಎಂಬ ಮಂದಿರಕ್ಕೆ ಹತ್ತಿದೆವು. ಪ್ರತಿ ವರ್ಷ ಮಾರ್ಚಿನ ಮೊದಲ ಎರಡು ವಾರ ಅಲ್ಲಿನ ಭಿಕ್ಷುಗಳು ಲೋಕದ ತಪ್ಪುಗಳಿಗಾಗಿ ಪ್ರಾಯಶ್ಚಿತ್ತದ ವ್ರತ ಹಿಡಿಯುತ್ತಾರೆ. ರಾತ್ರಿ ದೊಡ್ಡ ದೊಡ್ಡ ಪಂಜುಗಳನ್ನು ಜಗಲಿಯಲ್ಲಿ ಹೊತ್ತು ಓಡುವುದೂ ಉಂಟು. 752ರಲ್ಲಿ ಆರಂಭವಾದ ಈ ವ್ರತ ಒಂದು ವರ್ಷವೂ ತಪ್ಪಿಲ್ಲ. ಬೆಂಕಿ ಬಿದ್ದ ವರ್ಷವೂ ನಡೆಯಿತು, ಮಹಾಯುದ್ಧದಲ್ಲೂ ನಡೆಯಿತು. ಮುಂದೆ 2021ರಲ್ಲಿ ಕೊರೋನಾ ಸೋಂಕಿನ ನಡುವೆಯೂ, ನೋಡಬರುವವರನ್ನು ದೂರವಿಟ್ಟು, ಭಿಕ್ಷುಗಳು ಅದನ್ನು ನಡೆಸಿದರೆಂದು ಮಗ ತಿಳಿಸಿದ.

ಮಾರನೆಯ ಬೆಳಗ್ಗೆ ಕೋಫುಕುಜಿ ಎಂಬ ಇನ್ನೊಂದು ಮಂದಿರ. ಐದಂತಸ್ತಿನ ಅದರ ಗೋಪುರ ಐವತ್ತು ಮೀಟರ್ ಎತ್ತರ. 1426ರಲ್ಲಿ ಮತ್ತೆ ಕಟ್ಟಿದ್ದು. ಪಕ್ಕದಲ್ಲೇ ಕೆಂಪು ಬಣ್ಣದ ದೊಡ್ಡ ಭವನ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಅದು 1717ರಲ್ಲಿ ಸುಟ್ಟುಹೋದ ಭವನ. ಮುನ್ನೂರು ವರ್ಷಗಳ ಮೇಲೆ, 2018ರಲ್ಲಿ, ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿ ಮುಗಿಸಿದರು. ಅಷ್ಟು ದಪ್ಪದ ಕಂಬಕ್ಕೆ ಒದಗುವ ಮರ ಜಪಾನಿನಲ್ಲಿ ಸಿಗದೆ ಆಫ್ರಿಕದ ಕ್ಯಾಮರೂನಿನಿಂದ ತರಿಸಿದರಂತೆ.

ಇವರು ದೇವತೆಗಳು, ನಾವು ಮಾತ್ರ ಮರೆಗುಳಿಗಳು ಎಂದು ನಾನು ಹೇಳುತ್ತಿಲ್ಲ. 1868ರ ನಂತರ ಜಪಾನಿನಲ್ಲಿ ಬೌದ್ಧ ಮಂದಿರಗಳ ಮೇಲೆ ದೊಡ್ಡ ದಾಳಿಯೇ ನಡೆಯಿತು. ಕೋಫುಕುಜಿಯ ಭಿಕ್ಷುಗಳು ಚದುರಿಹೋದರು, ಗೋಡೆಗಳು ಉರುಳಿದವು. ಈ ಗೋಪುರವನ್ನೇ ಲೋಹದ ಆಸೆಗೆ ಚಿಲ್ಲರೆ ಹಣಕ್ಕೆ ಮಾರಲು ಹೊರಟಿದ್ದರೆಂಬ ಕತೆ ಇಂದಿಗೂ ಅಲ್ಲಿ ಪ್ರಚಾರದಲ್ಲಿದೆ. ಆಮೇಲೆ ಎಚ್ಚರವಾಯಿತು. 1897ರಲ್ಲಿ ಹಳೆಯ ದೇವಾಲಯಗಳ ರಕ್ಷಣೆಗೆ ಕಾನೂನು ಬಂತು. ನಮ್ಮ ದೇಶದಲ್ಲಿ ಅಂಥ ಕಾನೂನು 1904ರಲ್ಲಿ ಬಂತು. ಕಾನೂನಿನಲ್ಲಿ ನಾವೇನೂ ಬಹಳ ಹಿಂದೆ ಬಿದ್ದವರಲ್ಲ.

ಭಾನುವಾರ ಸಂಜೆ ಒಸಾಕಾಕ್ಕೆ ಹಿಂದಿರುಗುವ ರೈಲಿನಲ್ಲಿ ಮೊಮ್ಮಗಳು ನನ್ನ ಪಕ್ಕ ಕುಳಿತಿದ್ದಳು. ಅವಳ ಶಾಲೆಯಲ್ಲಿ ಮಾರನೆಯ ದಿನ ಪ್ರವಾಸದ ಬಗ್ಗೆ ಮಾತನಾಡಬೇಕಿತ್ತು. ಇದ್ದಕ್ಕಿದ್ದಂತೆ ಕೇಳಿದಳು:

"ತಾತ, ನಮ್ಮೂರಲ್ಲಿ ಹಳೇದು ಏನಿದೆ?"

"ನಮ್ಮ ಮನೆ ಇದೆಯಮ್ಮ, ನೂರು ವರ್ಷದ್ದು" ಎಂದೆ.

"ಅದಕ್ಕಿಂತ ಹಳೇದು?"

ಆಗ ನೆನಪಾಯಿತು. ಹಿಂದಿನ ದಿನ ಹೆಬ್ಬಾಗಿಲಿನಲ್ಲಿ ಮನಸ್ಸಿಗೆ ತಟ್ಟಿ ಹೊಳೆಯದೆ ಹೋದದ್ದು ಇದೇ. ನಮ್ಮೂರಿನಲ್ಲಿ ಬೂಚೇಶ್ವರ ದೇವಾಲಯವಿದೆ. ಬೂಚಿ ಎಂಬ ಅಧಿಕಾರಿ, ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮಕ್ಕಾಗಿ 1173ರಲ್ಲಿ ಕಟ್ಟಿಸಿದ್ದು. ನಾವು ಬೆರಗಾಗಿ ನೋಡಿದ ಆ ದ್ವಾರಪಾಲಕರಿಗಿಂತ ಮೂವತ್ತು ವರ್ಷ ಹಿರಿಯದು. ತೋದಾಯ್‌ಜಿ ಮೊದಲ ಸಲ ಸುಟ್ಟುಹೋಗುವುದಕ್ಕೆ ಏಳು ವರ್ಷ ಮುಂಚೆಯೇ ಎದ್ದು ನಿಂತದ್ದು. ಒಮ್ಮೆಯೂ ಸುಡದೆ, ಅಂದಿನ ಕಲ್ಲಿನಲ್ಲೇ ಇಂದಿಗೂ ನಿಂತಿರುವುದು.

"ಇದೆ, ಎಂಟುನೂರೈವತ್ತು ವರ್ಷದ ದೇವಸ್ಥಾನ ಇದೆ" ಎಂದೆ.

ಎದುರಿಗೆ ಕುಳಿತಿದ್ದ ಮಗ ತಲೆಯೆತ್ತಿ, "ನೀವು ನನಗೆ ಯಾವತ್ತೂ ತೋರಿಸಲೇ ಇಲ್ವಲ್ಲಪ್ಪ" ಎಂದ. ಅವನ ಮಾತಿನಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಆದರೂ ನನಗೆ ಉತ್ತರ ಹೊಳೆಯಲಿಲ್ಲ.

ನಿಜ, ತೋರಿಸಿರಲಿಲ್ಲ. ಬೇಸಿಗೆ ರಜದಲ್ಲಿ ಊರಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲವನ್ನೂ ತೋರಿಸಿದ್ದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದುದನ್ನು ಬಿಟ್ಟಿದ್ದೆ. ಹುಡುಗರಾಗಿದ್ದಾಗ ಅದು ನಮಗೆ ಕಣ್ಣಾಮುಚ್ಚಾಲೆಯ ಜಾಗ. ಮಳೆ ಬಂದಾಗ ಕರುವನ್ನು ಮಂಟಪದ ಕಂಬಕ್ಕೆ ಕಟ್ಟಿದವನು ನಾನೇ. ಕಂಬದ ನುಣುಪಿನ ಮೇಲೆ ಚೂಪುಗಲ್ಲಿನಿಂದ ಗೀರಿ, ಸರಿಯಾಗಿ ಗೀರು ಬೀಳಲಿಲ್ಲವೆಂದು ಬೇಸರಪಟ್ಟವನೂ ನಾನೇ. ಬೂಚಿ ಯಾರು, ಯಾಕೆ ಕಟ್ಟಿಸಿದ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಅಚ್ಚು ಮಾಡಿಸಿದ್ದಾರೆ. ನಮ್ಮೂರಿನ ಶಾಸನವೂ ಅದರಲ್ಲಿದೆ. ನಾನು ಅದನ್ನು ತೆರೆದು ನೋಡಿದ್ದು ಜಪಾನಿನಿಂದ ಬಂದ ಮೇಲೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ವಿಚಾರ ಮಾತ್ರ ಸ್ಪಷ್ಟವಾಯಿತು. ಮರ ಹುಳು ಹಿಡಿಯುತ್ತದೆ, ಸುಡುತ್ತದೆ, ಕೊಳೆಯುತ್ತದೆ. ಮರದಲ್ಲಿ ಕಟ್ಟಿದವರು ಒಂದು ತಲೆಮಾರು ಮೈಮರೆತರೂ ಎಲ್ಲ ಮಣ್ಣುಪಾಲು. ಹಾಗಾಗಿ ಅವರು ಹೆಂಚಿಗೆ ಹೆಸರು ಬರೆಸಿ, ಮಕ್ಕಳಿಂದಲೂ ಕಾಣಿಕೆ ಪಡೆದು, ಕೈಯಿಂದ ಕೈಗೆ ಅದನ್ನು ದಾಟಿಸಿಕೊಂಡು ಬಂದರು. ಕಸುಗ ದೇವಾಲಯವನ್ನಂತೂ ಇಪ್ಪತ್ತು ವರ್ಷಕ್ಕೊಮ್ಮೆ ಜೀರ್ಣೋದ್ಧಾರ ಮಾಡುವ ಪದ್ಧತಿಯಿದೆ. ನಮ್ಮ ಹಿರಿಯರು ಬಳಪದ ಕಲ್ಲಿನಲ್ಲಿ ಕಟ್ಟಿದರು. ಕಲ್ಲು ತಾನಾಗಿ ನಿಂತಿತು. ನಿಂತಿದೆಯಲ್ಲ ಎಂದು ನಾವು ತಿರುಗಿ ನೋಡುವುದನ್ನೇ ಬಿಟ್ಟೆವು. ಕಲ್ಲಿನ ಗಟ್ಟಿತನ ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿತು. ಕಟ್ಟಡ ಉಳಿದಿದೆ, ಅದನ್ನು ನಮ್ಮದೆನ್ನುವ ನೆನಪು ಕಳೆದಿದೆ. ಕಾಗದ ಕೈಚೀಲದಲ್ಲೇ ಇತ್ತು. ಅದರ ಮಾತು ಆಡಲು ನನಗೆ ಬಾಯಿ ಬರಲಿಲ್ಲ.

ನಾವು ಹಿಂದಿರುಗಿದ ಕೆಲವೇ ತಿಂಗಳಲ್ಲಿ ಕೊರೋನಾ ಬಂತು. ಮೂರು ವರ್ಷ ಮಕ್ಕಳ ಮುಖ ನೋಡಲಾಗಲಿಲ್ಲ. ನಾರಾದ ಬುದ್ಧ ಎದ್ದದ್ದೂ ಇಂಥದೇ ಒಂದು ಸೋಂಕಿನ ನಂತರ ಎಂಬುದು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. 2023ರ ಜನವರಿಯಲ್ಲಿ ಅವರು ಬಂದರು. ರಥಸಪ್ತಮಿಯ ದಿನ ಎಲ್ಲರೂ ಕೊರವಂಗಲಕ್ಕೆ ಹೋದೆವು.

ಆ ದಿನವನ್ನೇ ಆರಿಸಲು ಕಾರಣವಿದೆ. ಬೂಚೇಶ್ವರ ದ್ವಿಕೂಟ ದೇವಾಲಯ, ಎಂದರೆ ಎರಡು ಗರ್ಭಗುಡಿಗಳದ್ದು. ಪಶ್ಚಿಮದಲ್ಲಿ ಶಿವಲಿಂಗ, ಪೂರ್ವದಲ್ಲಿ ಸೂರ್ಯ, ಇಬ್ಬರೂ ಎದುರುಬದುರು. ನಡುವೆ ಕಡೆದು ನುಣುಪು ಮಾಡಿದ ಕಂಬಗಳ ಮಂಟಪ. ಶಿವನ ಗುಡಿಯ ಮೇಲೆ ಶಿಖರವಿದೆ. ಗೋಡೆಗಳ ತುಂಬ ದೇವತೆಗಳು. ಅದೇ ಮನೆತನದವರು ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರ ಎಂಬ ಇನ್ನೆರಡು ಗುಡಿಗಳು ಊರಿನಲ್ಲಿ ಶಿಥಿಲವಾಗಿವೆ. ಕಲ್ಲೂ ಚಿರಂಜೀವಿಯಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ನಮ್ಮ ತಾಯಿ ರಥಸಪ್ತಮಿಯಂದು ಎಕ್ಕದ ಎಲೆಯನ್ನು ತಲೆ, ಹೆಗಲ ಮೇಲಿಟ್ಟು ನಮಗೆ ಸ್ನಾನ ಮಾಡಿಸುತ್ತಿದ್ದರು. ಅಂಗಳದಲ್ಲಿ ಸೂರ್ಯನ ರಥದ ರಂಗೋಲಿ ಹಾಕುತ್ತಿದ್ದರು. ನಮ್ಮ ಮನೆಯವರು ಮೊಮ್ಮಗಳಿಗೆ ಹಾಗೆಯೇ ಸ್ನಾನ ಮಾಡಿಸಿ ಕರೆತಂದರು. ಹದಿಮೂರು ವರ್ಷದ ಹುಡುಗಿ. ಸೂರ್ಯನ ಗುಡಿಯ ಮುಂದೆ ನಿಂತು, "ತಾತ, ನಾರಾದ ದೊಡ್ಡ ಬುದ್ಧನ ಹೆಸರೂ ಸೂರ್ಯನ ಹೆಸರೇ ಅಂದಿದ್ರಲ್ಲ?" ಎಂದಳು. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಆಮೇಲೆ ಪುಸ್ತಕ ತೆಗೆದು ಒಂದು ಕಂಬವನ್ನು ಬರೆಯಲು ಕುಳಿತಳು. ಒಂದು ಗಂಟೆ ಮೇಲೇಳಲಿಲ್ಲ.

ಸುತ್ತ ಊರಿನ ಹುಡುಗರು ನೆರೆದರು. ದಾರಿಯಲ್ಲಿ ಹೋಗುತ್ತಿದ್ದ ಹಳೆಯ ಪರಿಚಯದವರೊಬ್ಬರು, "ಏನ್ ಮೇಷ್ಟ್ರೇ, ಅಪ್ರೂಪ. ಜಪಾನಿಂದ ಬಂದು ಇದನ್ನ ಬರ್ಕೋತಾ ಕೂತವ್ಳಲ್ಲ, ಏನೈತೆ ಇದ್ರಲ್ಲಿ?" ಎಂದು ಕೇಳಿದರು. ನಾನು ಮಂಟಪದ ಮೆಟ್ಟಿಲ ಮೇಲೆ ಕುಳಿತು, ಶಾಸನದಲ್ಲಿ ಓದಿದ್ದನ್ನು ಹೇಳತೊಡಗಿದೆ. ಬೂಚಿಯ ಕತೆ, ಬಲ್ಲಾಳನ ಪಟ್ಟದ ಕತೆ. ಹೇಳುತ್ತ ಹೇಳುತ್ತ ಹದಿನೈದು ಇಪ್ಪತ್ತು ಜನ ಕೂಡಿದರು. ಒಬ್ಬ ಹುಡುಗ, "ನಮ್ ಬೂಚೇಶ್ವ್ರ ಬೇಲೂರ್ ಆದ್ಮೇಲೆ ಕಟ್ಟಿದ್ದಾ, ಮೊದ್ಲಾ?" ಎಂದು ಕೇಳಿದ. ನಲವತ್ತು ವರ್ಷ ಪಾಠ ಹೇಳಿದವನು ನಾನು. ನನ್ನದೇ ಊರಿನಲ್ಲಿ ಮೊದಲ ಪಾಠ ಹೇಳಿದ್ದು ಅಂದು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾರಾದ ಸ್ಮಾರಕಗಳು 1998ರಲ್ಲೇ ಸೇರಿದ್ದ ಪಟ್ಟಿ ಅದು. ನಮಗೆಲ್ಲ ಹೆಮ್ಮೆಯ ವಿಷಯ. ಕೊರವಂಗಲ ಆ ಪಟ್ಟಿಯಲ್ಲಿಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆ ಗೋಡೆ ಕಾಯಬಹುದು, ಬೇಲಿ ಹಾಕಬಹುದು, ಫಲಕ ನೆಡಬಹುದು. ಮೊಮ್ಮಗುವಿಗೆ ಕತೆ ಹೇಳುವ ಕೆಲಸ ಯಾವ ಇಲಾಖೆಯದೂ ಅಲ್ಲ. ಅದು ಮನೆಯವರು ಮಾಡಬೇಕಾದದ್ದು.

ವೀಕ್ಷಕರೆ, ಹಾಸನ ಸೀಮೆಯಲ್ಲಿ ಹೀಗೆ ಊರೂರಿಗೂ ಹಳೆಯ ಗುಡಿ, ವೀರಗಲ್ಲು, ಶಾಸನ, ಕೆರೆಯ ತೂಬು ಇದ್ದೇ ಇವೆ. ಇಂಥವು ತಮ್ಮ ಊರಿನಲ್ಲೂ ಇರಬಹುದು. ಮಕ್ಕಳು ರಜಕ್ಕೆ ಬಂದಾಗ ಒಂದು ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿ. ಏನು ಹೇಳುವುದೆಂದು ಗೊತ್ತಿಲ್ಲದಿದ್ದರೆ ಓದಿ ತಿಳಿದುಕೊಳ್ಳಿ. ದೊಡ್ಡ ಕಾಣಿಕೆ ಬೇಕಿಲ್ಲ. ಒಂದು ಹಿಡಿ ಮಣ್ಣು ಸಾಕು ಎಂದು ಒಬ್ಬ ಚಕ್ರವರ್ತಿಯೇ ಹೇಳಿದ್ದಾನೆ.

ಕಡೆಯದಾಗಿ ನಮ್ಮ ಮನೆಯ ಮಾತು. ಕೊಳ್ಳಲು ಬಂದವರಿಗೆ ಈಗ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅದು ಮುಂದೆಯೂ ಉಳಿಯುತ್ತದೆಂದು ಪ್ರಮಾಣ ಮಾಡಲಾರೆ. ಮಗ ಊರಿಗೆ ಬಂದು ನೆಲೆಸುವನೆಂಬ ಭ್ರಮೆಯೂ ನನಗಿಲ್ಲ. ಆ ಸಲ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚುಗಳನ್ನು ತೆಗೆಸಿ ಹೊಸದನ್ನು ಹೊದಿಸಿದೆವು. ಜಪಾನಿಗೆ ಹೊರಡುವ ಮುನ್ನಾ ದ��ನ ಮೊಮ್ಮಗಳು ಒಂದು ಹೆಂಚನ್ನು ತೆಗೆದುಕೊಂಡು, ಅದರ ಒಳಮೈ ಮೇಲೆ ಇದ್ದಿಲಿನಿಂದ ತನ್ನ ಹೆಸರು ಬರೆದು ಒಲೆಯ ಪಕ್ಕ ಇಟ್ಟುಹೋಗಿದ್ದಳು. ಅದನ್ನೂ ಮೇಲೇರಿಸಿದ್ದೇವೆ. ಈಗ ಅಡುಗೆಮನೆಯಲ್ಲಿ ನಿಂತು ತಲೆಯೆತ್ತಿದರೆ ಕಾಣುತ್ತದೆ. ಆ ಜಾಗದಲ್ಲಿ ಮನೆ ಸೋರುತ್ತಿಲ್ಲ.